ಮೊಣಕಾಲಿನ ಕುಪ್ಪಸ

ಮೂವತ್ತಾರು ವರ್ಷಗಳ ಕಾಲ ಮಕ್ಕಳಿಗೆ ಸಂಧಿಪ್ರಕರಣವನ್ನು ಪಾಠಹೇಳಿದವನು ನಾನು. ಲೋಪವೆಂದರೇನು, ಆಗಮವೆಂದರೇನು, ಆದೇಶವೆಂದರೇನು ಎಂಬುದನ್ನು ಕರಿಹಲಗೆಯ ಮೇಲೆ ಬರೆದು ಬರೆದು ನನ್ನ ಬೆರಳುಗಳು ಸವೆದಿವೆ. ಆದರೆ ಶರೀರದಲ್ಲಿಯೂ ಸಂಧಿಗಳುಂಟು, ಅಲ್ಲಿಯೂ ಎರಡು ಪದಗಳ ನಡುವಣ ಮೃದುವಾದ ಸ್ವರವೊಂದು ಲೋಪವಾಗಿ ಎಲುಬಿಗೆ ಎಲುಬು ತಾಗುವ ಕಾಲವೊಂದು ಬರುವುದೆಂಬ ಸಂಗತಿಯನ್ನು ನನಗೆ ಯಾವ ಪಾಠಶಾಲೆಯೂ ಕಲಿಸಲಿಲ್ಲ. ಅದನ್ನು ಕಲಿಸಿದುದು ನನ್ನ ಮನೆಯಾಕೆಯ ಬಲಮೊಣಕಾಲು.

ಆಕೆಯು ನಲವತ್ತು ವರ್ಷ ಒಲೆಯ ಮುಂದೆ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿದವಳು. ದಿನಕ್ಕೆ ಎಷ್ಟು ಸಲ ಕುಳಿತಳು, ಎಷ್ಟು ಸಲ ಎದ್ದಳು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಸಮನೆಲದಲ್ಲಿ ನಡೆಯುವಾಗ ಮೊಣಕಾಲಿನ ಚಿಪ್ಪಿನ ಹಿಂದೆ ಬೀಳುವ ಒತ್ತಡವು ಮೈತೂಕದ ಅರ್ಧದಷ್ಟು. ಮೆಟ್ಟಿಲೇರುವಾಗ ಅದು ಮೈತೂಕದ ಮೂರು ಪಟ್ಟನ್ನು ಮೀರುವುದು. ಕುಕ್ಕರುಗಾಲಿನಿಂದ ಏಳುವಾಗ ಏಳು ಪಟ್ಟಿಗಿಂತಲೂ ಹೆಚ್ಚಾಗುವುದೆಂದು 1972ರಲ್ಲಿಯೇ ಅಳೆದು ಹೇಳಿದ್ದಾರೆ. ನಮ್ಮ ಅಡಿಗೆಮನೆಗಳು ಹೆಂಗಸರ ಮೊಣಕಾಲುಗಳಿಂದ ಎಷ್ಟು ಕಂದಾಯವನ್ನು ವಸೂಲುಮಾಡಿವೆಯೆಂಬುದು ಈ ಅಂಕೆಗಳನ್ನು ಓದಿದಾಗ ನನಗೆ ಅರಿವಾಯಿತು. ಅದಕ್ಕೆ ಮೊದಲು ನಾನು ಕಂಡುದು ಇಷ್ಟೇ: ಮೂರು ವರ್ಷಗಳಿಂದ ಆಕೆಯು ಏಳುವಾಗ ಬಾಗಿಲ ಚೌಕಟ್ಟನ್ನು ಹಿಡಿಯತೊಡಗಿದ್ದಳು; ಆ ಜಾಗದಲ್ಲಿ ಬಣ್ಣವು ಕೈಯೆಣ್ಣೆಯಿಂದ ಕಪ್ಪಾಗಿದ್ದಿತು. ಬಣ್ಣ ಕಪ್ಪಾದುದನ್ನು ಕುರಿತು ನಾನು ಒಮ್ಮೆ ಗೊಣಗಿದುದೂ ಉಂಟು.

ಪುಣೆಯಲ್ಲಿರುವ ಮಗಳು ಶಸ್ತ್ರಚಿಕಿತ್ಸೆಯ ಮಾತನ್ನು ಎತ್ತಿದಳು. ನನಗೆ ಆಸ್ಪತ್ರೆಯೆಂದರೆ ಅಂಜಿಕೆ. ಅದನ್ನು ಹೊರಗೆ ತೋರಗೊಡದೆ, “ಮೊದಲು ಒಂದು ಮೊಣಕಾಲು ಪಟ್ಟಿ ತಂದು ನೋಡೋಣ” ಎಂದು ಹೇಳಿ, ಒಂದು ದಿನ ಕಲಬುರಗಿಗೆ ಹೋದವನು ಅಲ್ಲಿಯ ಪೇಟೆಯ ಒಂದು ಔಷಧದಂಗಡಿಯಲ್ಲಿ ಅದನ್ನು ಕೇಳಿದೆನು. “ಯಾರಿಗ್ರಿ? ದಪ್ಪ ಅದಾರೋ, ತೆಳ್ಳಗದಾರೋ?” ಎಂದು ಅಂಗಡಿಯವನು ಕೇಳಿದನು. ನಾನು “ನಡುತರ” ಎಂದೆನು. ಅವನು ‘ಎಂ’ ಎಂಬ ಅಕ್ಷರವನ್ನು ಮುದ್ರಿಸಿದ ಒಂದು ಪೆಟ್ಟಿಗೆಯನ್ನು ಮುಂದಿಟ್ಟನು. ನಲವತ್ತು ವರ್ಷದ ಸಂಸಾರದ ಬಳಿಕ ಹೆಂಡತಿಯ ಕಾಲಿನ ವಿಷಯವಾಗಿ ನಾನು ಬಲ್ಲುದು ‘ನಡುತರ’ ಎಂಬ ಆ ಒಂದೇ ಮಾತು.

ನಮ್ಮ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಗೊನೆ ತೂಗುವ ಗಿಡಕ್ಕೆ ರೈತನು ಆಸರೆಗೋಲು ಕೊಡುವುದನ್ನು ನಾನು ಬಾಲ್ಯದಿಂದಲೂ ಕಂಡಿದ್ದೇನೆ. ಕೋಲಿಗೂ ದಿಂಡಿಗೂ ನಡುವೆ ಒಣಗಿದ ಎಲೆಯನ್ನು ಮಡಚಿ ಇಟ್ಟು, ಗಿಡವು ಗಾಳಿಗೆ ತುಸು ಅಲುಗಾಡುವಂತೆ ಅಗಲವಾದ ಪಟ್ಟಿಯಿಂದ ಕಟ್ಟಬೇಕು. ಸಣ್ಣ ಹಗ್ಗದಿಂದ ಬಿಗಿದರೆ ದಿಂಡು ಕತ್ತರಿಸಿಹೋಗುವುದು. ಇಷ್ಟನ್ನು ಬಲ್ಲವನು ಮನೆಗೆ ಬಂದು, ಎರಡು ತುದಿಗಳಲ್ಲಿಯೂ ಹುರಿಯಂತಹ ಬಿಗಿಯಂಚುಳ್ಳ ಆ ಚೀಲವನ್ನು ಆಕೆಯ ಕೈಗೆ ಕೊಟ್ಟು, “ದಿನವೂ ಹಾಕಿಕೋ” ಎಂದು ಹೇಳಿ, ಕೃತಕೃತ್ಯನಾದವನಂತೆ ಜಗಲಿಯ ಮೇಲೆ ಪತ್ರಿಕೆ ಓದುತ್ತ ಕುಳಿತೆನು.

ಎಂಟನೆಯ ದಿನ ಬೆಳಿಗ್ಗೆ ಆಕೆಯು ಕುಂಟುತ್ತಿದ್ದ ರೀತಿಯೇ ಬೇರೆಯಾಗಿದ್ದಿತು. ಕೇಳಿದರೆ ಏನೂ ಇಲ್ಲವೆಂದಳು. ನೀರಿನ ಕೊಡವನ್ನು ಇಳಿಸುವಾಗ ಸೀರೆಯ ಅಂಚು ಸರಿದು ಕಾಲು ಕಂಡಿತು. ಮೊಣಕಾಲಿನ ಕೆಳಗೆ ಚೀಲದ ಅಂಚು ಕೂತ ಕಡೆಯಲ್ಲಿ ಕೆಂಪಾದ ಗೆರೆಯೊಂದು ಸುತ್ತುಹಾಕಿದ್ದಿತು. ಅದರ ಕೆಳಗೆ ಮೀನಖಂಡವು ಬಾತು ಹೊಳೆಯುತ್ತಿದ್ದಿತು. ಬೆರಳಿಟ್ಟರೆ ಗುಳಿ ಬೀಳುತ್ತಿದ್ದಿತು. ಪಾದ ಜುಮುಗುಟ್ಟುತ್ತ ನಾಲ್ಕು ದಿನವಾಯಿತೆಂದು ಆಗ ಹೇಳಿದಳು.

“ಮತ್ತ ಯಾಕ ಹೇಳಲಿಲ್ಲ?” ಎಂದೆನು.

“ನೀವು ಅಷ್ಟು ದೂರದಿಂದ ತಂದೀರಿ. ಬ್ಯಾನಿ ಆದ್ರೂ ಹಾಕ್ಕೋಬೇಕು ಅಂತ ತಿಳ್ಕೊಂಡೆ.”

ಈ ಮಾತಿಗೆ ಉತ್ತರವು ಆಗಲೂ ನನಗೆ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ.

2017ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ಪೂರ್ಣವಾದ ಮೇಲೆ ನಮ್ಮೂರಿಗೂ ರೈಲು ಬಂದಿದೆ. ಆದರೆ ಡಬ್ಬಿಯ ಮೆಟ್ಟಿಲನ್ನು ಏರುವುದು ಆಕೆಗೆ ಆಗದ ಕೆಲಸವಾದುದರಿಂದ ಬಾಡಿಗೆಯ ಮೋಟಾರಿನಲ್ಲಿ ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ದೆನು. ಅಲ್ಲಿಯ ತರುಣ ವೈದ್ಯೆಯು ಮೊಣಕಾಲನ್ನು ಬಿಟ್ಟು ಮೊದಲು ಮೀನಖಂಡವನ್ನೇ ನೋಡಿದಳು. ಆಳದ ರಕ್ತನಾಳದಲ್ಲಿ ರಕ್ತವು ಗರಣೆಗಟ್ಟಿರಬಹುದೆಂದೂ, ಆ ಗರಣೆಯು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯವೆಂದೂ ಹೇಳಿ, ಧ್ವನಿತರಂಗಗಳಿಂದ ನಾಳವನ್ನು ಪರೀಕ್ಷಿಸುವ ಕೋಣೆಗೆ ಕಳುಹಿಸಿದಳು. ಆ ಕೋಣೆಯ ಹೊರಗೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕುಳಿತಿದ್ದೆನು. ಗರಣೆ ಇರಲಿಲ್ಲ. ಅಂಚು ಬಿಗಿದು, ಮೇಲೇರಬೇಕಾದ ರಕ್ತವೂ ನೀರೂ ಕೆಳಗೆ ತಂಗಿ ಬಾವು ಬಂದುದೆಂದು ತಿಳಿಯಿತು.

ಅನಂತರ ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮೊಣಕಾಲಿನ ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಎಣಿಸುವ ಕ್ರಮವೊಂದುಂಟು. ಇಂಗ್ಲೆಂಡಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ಅದನ್ನು ಪ್ರಕಟಿಸಿದರು. ಆಕೆಯದು ಮೂರನೆಯ ಮೆಟ್ಟಿಲು. ಒಳಮಗ್ಗುಲಿನಲ್ಲಿ ಎಲುಬುಗಳ ನಡುವಣ ಸಂದು ಕೂದಲೆಳೆಯಂತೆ ಆಗಿದ್ದಿತು, ಹೊರಮಗ್ಗುಲಿನಲ್ಲಿ ಇನ್ನೂ ಜಾಗವಿದ್ದಿತು. “ತೊಡಿ ಸ್ನಾಯು ಗಟ್ಟಿಯಾಗಬೇಕು, ಅದೇ ನಿಜವಾದ ಪಟ್ಟಿ. ಮುಂದೆ ಆಪರೇಷನ್ ಬೇಕಾದ್ರೂ ಬೇಕಾಗಬಹುದು. ಅಲ್ಲಿತನಕ ಹೊರಗಿನ ಪಟ್ಟಿ ಹಾಕಬಾರದು ಅಂತಿಲ್ಲ. ಆದ್ರ ಸರ್, ಇದರ ಅಳತಿ ಯಾರು ತಗೊಂಡ್ರು?” ಎಂದು ಕೇಳಿದಳು. ಪಾಠ ಒಪ್ಪಿಸಲು ಬಾರದ ಹುಡುಗನಂತೆ ನಾನು ಗೋಡೆಯನ್ನು ನೋಡಿದೆನು.

ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಪುಸ್ತಕದ ಪೆಟ್ಟಿಗೆಯನ್ನು ತೆರೆದುದು. ಸಂಕಟ ಬಂದಾಗ ಪುಸ್ತಕ ತೆರೆಯುವುದು ನನ್ನ ಹಳೆಯ ಚಾಳಿ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹದಿನೆಂಟನೆಯ ಅಧ್ಯಾಯವು ಲೇಪಗಳನ್ನೂ ಬಂಧಗಳನ್ನೂ ಕುರಿತದ್ದು. ಹದಿನಾಲ್ಕು ಬಗೆಯ ಬಂಧಗಳನ್ನು ಅಲ್ಲಿ ಹೆಸರಿಸಿ, ಯಾವ ಅಂಗಕ್ಕೆ ಯಾವುದು ಎಂದು ಹೇಳಿದೆ. ಸಂಧಿಗಳಿಗೆ ಸ್ವಸ್ತಿಕ, ಎಂದರೆ ಒಂದರ ಮೇಲೊಂದು ಅಡ್ಡಹಾಯುವ ಪಟ್ಟಿ. ಬಟ್ಟೆಯ ಜೊತೆಗೆ ತೊಗಲು, ಮರದ ಒಳತೊಗಟೆ, ಬಿದಿರಿನ ಸೀಳು ಮುಂತಾದ ಸಾಮಗ್ರಿಗಳ ಪಟ್ಟಿಯೂ ಇದೆ. ಗಂಟು ನೋವಿನ ಜಾಗದ ಮೇಲೆ ಬರಬಾರದೆಂಬ ಎಚ್ಚರಿಕೆಯೂ ಇದೆ. ಇವೆಲ್ಲಕ್ಕಿಂತ ನನ್ನನ್ನು ನಿಲ್ಲಿಸಿದುದು ಬಿಗಿತದ ಮಾತು. ಬಂಧವು ಗಾಢ, ಸಮ, ಶಿಥಿಲ ಎಂದು ಮೂರು ವಿಧ. ತೊಡೆಗೆ ಗಾಢವು ಸಲ್ಲುವುದು, ಕೈಕಾಲುಗಳಿಗೆ ಸಮವು, ಕಣ್ಣಿಗೂ ಸಂಧಿಗಳಿಗೂ ಶಿಥಿಲವೇ. ಗಾಢವೆಂದರೂ ನೋಯಿಸುವಂತಹುದಲ್ಲ, ಒತ್ತಿಯೂ ನೋಯಿಸದಿರುವುದೇ ಅದರ ಲಕ್ಷಣ. ನಾನು ಮಾಡಿದುದು ಇದಕ್ಕೆ ತಲೆಕೆಳಗು: ಸಂಧಿಯ ಅಂಚಿಗೆ ಗಾಢ, ತೊಡೆಗೆ ಶಿಥಿಲ.

ಇದನ್ನು ಓದಿ ನಮ್ಮವರು ಎಲ್ಲವನ್ನೂ ಮೊದಲೇ ಕಂಡುಹಿಡಿದಿದ್ದರೆಂದು ತೊಡೆತಟ್ಟುವ ಗೆಳೆಯರು ನನಗೆ ಉಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಆ ಪ್ರಕರಣವು ವ್ರಣಗಳಿಗೆ ಸಂಬಂಧಿಸಿದುದು, ಮುದಿಮೊಣಕಾಲಿಗಲ್ಲ. ಅದೇ ಗ್ರಂಥದ ಶಾರೀರಸ್ಥಾನದಲ್ಲಿ ಜಾನುವನ್ನು ಬೆರಳು, ಮಣಿಕಟ್ಟು, ಮೊಣಕೈಗಳೊಡನೆ ಕೋರಸಂಧಿಗಳ ಸಾಲಿನಲ್ಲಿ ಹೇಳಿದೆ. ಕೋರವೆಂದರೆ ಬಾಗಿಲ ಕೀಲಿನಂತಹುದೆಂದು ನಮಗೆ ಪಾಠವಾಗಿದ್ದಿತು. ಇಂದಿನ ಶಾಸ್ತ್ರವು ಅದು ಅಷ್ಟು ಸರಳವಲ್ಲವೆನ್ನುತ್ತದೆ. ಮೊಣಕಾಲು ಮಡಿಯುವಾಗ ತೊಡೆಯೆಲುಬು ಕೆಳಗಣ ಎಲುಬಿನ ಮೇಲೆ ಉರುಳುತ್ತದೆ, ಜೊತೆಗೆ ಜಾರುತ್ತದೆ. ಪೂರ್ಣವಾಗಿ ನೀಡಿದ ಕೊನೆಯ ಘಳಿಗೆಯಲ್ಲಿ ಕೆಳಗಣ ಎಲುಬು ತುಸು ಹೊರಕ್ಕೆ ತಿರುಗಿ ತಿರುಪಿನಂತೆ ಬಿಗಿಯುತ್ತದೆ. ತಿರುಗುವ ಕೇಂದ್ರವು ಒಂದೆಡೆ ನಿಲ್ಲುವುದಿಲ್ಲ. ಹೀಗಿರುವುದರಿಂದಲೇ ಕೀಲುಹಾಕಿದ ಗಡುಸಾದ ಪಟ್ಟಿಗಳು ನಡೆಯುತ್ತ ನಡೆಯುತ್ತ ಕೆಳಕ್ಕೆ ಸರಿಯುವುವು. ಆದರೂ ಬಿಗಿತದ ವಿಷಯದಲ್ಲಿ ಹಳೆಯ ಗ್ರಂಥವು ಹೇಳಿದ ಎಚ್ಚರಿಕೆ ನನ್ನ ಮನೆಯಲ್ಲಿ ಎಂಟು ದಿನ ಮೊದಲೇ ಓದಲ್ಪಟ್ಟಿದ್ದರೆ ಆಸ್ಪತ್ರೆಯ ಬೆಂಚಿನ ಮೇಲಿನ ಆ ಮುಕ್ಕಾಲು ಗಂಟೆ ತಪ್ಪುತ್ತಿದ್ದಿತು.

ನಮ್ಮ ಓಣಿಯ ಕೊನೆಗೆ ಒಬ್ಬ ಸಿಂಪಿಗನಿದ್ದಾನೆ. ಏಳನೆಯ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಓದಿದವನು. ಗುಣಸಂಧಿಗೂ ವೃದ್ಧಿಸಂಧಿಗೂ ಭೇದ ತಿಳಿಯಲಿಲ್ಲವೆಂದು ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೆನಂತೆ; ನನಗೆ ನೆನಪಿಲ್ಲ, ಅವನಿಗೆ ಇದೆ. ಹಳೆಯ ಚೀಲವನ್ನು ಬಿಚ್ಚಿ ಅಂಚನ್ನು ಸಡಿಲಿಸಿಕೊಡಬಹುದೇ ಎಂದು ಕೇಳಲು ಹೋದೆನು. ಅವನು ಅದನ್ನು ಕೈಯಲ್ಲಿ ಹಿಡಿದು ಹಿಗ್ಗಿಸಿ, ತಿರುಗಿಸಿ, ಆ ಅಕ್ಷರವನ್ನು ನೋಡಿ ನಕ್ಕನು.

“ಗುರುಗಳ, ಅವ್ವಾರಿಗಿ ಕುಬಸ ಹೊಲಿಲಾಕ ಏಳೆಂಟು ಅಳತಿ ಬೇಕಾಗ್ತಾವ. ಮೊಣಕಾಲಿಗಿ ಒಂದೇ ಅಕ್ಷರ ಸಾಕೇನ್ರಿ?”

ನನ್ನ ಮೂವತ್ತಾರು ವರ್ಷದ ಅಧ್ಯಾಪನದಲ್ಲಿ ಇಷ್ಟು ನೆಟ್ಟಗೆ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಹೆಚ್ಚಾಗಿ ಇರಲಿಲ್ಲ. ಆತನು ಮತ್ತೂ ಹೇಳಿದನು: ತೊಡೆಯು ಮೇಲೆ ದಪ್ಪ ಕೆಳಗೆ ಸಣ್ಣ, ಕೊಳವೆಯಂತಹ ಚೀಲವು ಅದರ ಮೇಲೆ ನಿಲ್ಲುವುದೆಂತು? ಜಾರುವುದೇ ಅದರ ಧರ್ಮ. ಜಾರದಿರಲೆಂದು ಅಂಚನ್ನು ಬಿಗಿಮಾಡಿದರೆ ಅದು ಹಗ್ಗವಾಗುವುದು. ಆದುದರಿಂದ ಕುಪ್ಪಸದ ತೋಳಿನಂತೆ ಮೇಲಗಲ ಕೆಳಗಿರಿದಾಗಿ ಕತ್ತರಿಸಬೇಕು, ಹಿಡಿತವನ್ನು ಅಂಚಿಗೆ ಬಿಡದೆ ಇಡೀ ಬಟ್ಟೆಗೆ ಹಂಚಬೇಕು. “ಅಳತಿ ಮಾತ್ರ ನೀವೇ ತಗೊಂಡ್ ಬರ್ರಿ” ಎಂದು ಅಳತೆಯ ಪಟ್ಟಿಯನ್ನೂ ಸೀಮೆಸುಣ್ಣದ ತುಣುಕನ್ನೂ ನನ್ನ ಕೈಯಲ್ಲಿಟ್ಟನು.

ಬಾವು ಇಳಿದ ಮೇಲೆ ಒಂದು ಬೆಳಿಗ್ಗೆ, ಕಾಲಿಗೆ ಇನ್ನೂ ದಿನದ ಭಾರ ಬೀಳುವ ಮೊದಲು, ಕೋಣೆಯ ಬಾಗಿಲು ಹಾಕಿದೆವು. ಆಕೆಯು ಗೋಡೆ ಹಿಡಿದು ನಿಂತಳು. ನಾನು ಆಕೆಯ ಮುಂದೆ ನೆಲದ ಮೇಲೆ ಕುಳಿತೆನು. ನಲವತ್ತು ವರ್ಷಗಳಲ್ಲಿ ಆಕೆ ನಿಂತು ನಾನು ಆಕೆಯ ಕಾಲ ಬಳಿ ಕುಳಿತುದು ಅದೇ ಮೊದಲ ಸಲ. “ಇದೇನ್ರಿ ಹೊಸಾದು” ಎಂದು ಆಕೆಯು ಮುಖ ತಿರುಗಿಸಿದಳು. ಮೊಣಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದಿತು. ಎಕ್ಸ್‌ರೇಯಲ್ಲಿ ಕಂಡ ಸವೆತಕ್ಕೆ ಅದೇ ಹೊರಗಿನ ರೂಪ. ನೆಲಕ್ಕೆ ಉಜ್ಜಿ ಉಜ್ಜಿ ಕಣಕಾಲಿನ ಹೊರಗಂಟಿನ ಮೇಲೆ ಚರ್ಮವು ದಪ್ಪವಾಗಿ ಕಪ್ಪಾಗಿದ್ದಿತು. ಚಿಪ್ಪಿನ ನಡುವೆ ಸುತ್ತಳತೆ ಹದಿನೈದೂವರೆ ಅಂಗುಲ. ಅದರಿಂದ ಆರಂಗುಲ ಮೇಲೆ ಹತ್ತೊಂಬತ್ತೂವರೆ. ಆರಂಗುಲ ಕೆಳಗೆ ಹದಿನಾಲ್ಕು. ಎಡಗಾಲನ್ನೂ ಅಳೆದೆನು: ಅದರ ತೊಡೆ ಒಂದಂಗುಲ ದಪ್ಪವಾಗಿದ್ದಿತು. ನೋವಿನ ಕಾಲನ್ನು ಬಳಸದೆ ಉಳಿಸುತ್ತ ಬಂದು ಆಕೆಯ ಬಲತೊಡೆಯ ಸ್ನಾಯುವು ಸೊರಗಿದ್ದಿತು. ಎರಡು ಸಲ ಅಳೆದು ಬರೆದುಕೊಂಡೆನು.

“ಕೈ ಯಾಕ ನಡಗ್ಲಾಕತ್ತಾವ್ರಿ?” ಎಂದಳು.

“ವಯಸ್ಸಾತಲ್ಲ” ಎಂದೆನು.

ಇನ್ನು ಹೊಲಿಗೆಯ ಕಥೆ. ಮೊದಲನೆಯದು ಕೆಟ್ಟಿತು. ಹೆಣ್ಣುಮಕ್ಕಳು ತೊಡುವ ಹಿಗ್ಗುವ ಚಲ್ಲಣದ ಬಟ್ಟೆಯನ್ನು ಸಿಂಪಿಗನು ತಂದಿದ್ದನು. ಹತ್ತಿಯ ನೂಲಿನೊಡನೆ ಸ್ಪ್ಯಾಂಡೆಕ್ಸ್ ಎಂಬ ಎಳೆಯನ್ನು ಸೇರಿಸಿ ಹೆಣೆದ ಬಟ್ಟೆ ಅದು. ಆ ಎಳೆಯನ್ನು ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ ಎಂಬ ರಸಾಯನಜ್ಞನು 1958ರಲ್ಲಿ ಸಿದ್ಧಗೊಳಿಸಿದನು. ಅದಕ್ಕೆ ಮೊದಲು ರಬ್ಬರಿನ ದಾರವೇ ಗತಿ. ಅಂಗಡಿಯ ಚೀಲಗಳಲ್ಲಿ ಕೆಲವು ಇಂದಿಗೂ ನಿಯೋಪ್ರೀನ್ ಎಂಬ ಕೃತಕ ರಬ್ಬರಿನವು. ಬಿಸುಪನ್ನು ಹಿಡಿದಿಡುವುದರಿಂದ ಚಳಿನಾಡಿನ ಮುದುಕರಿಗೆ ಅವು ಹಿತವಾದಾವು, ನಲವತ್ತು ಡಿಗ್ರಿಯನ್ನು ದಾಟುವ ನಮ್ಮ ವೈಶಾಖದಲ್ಲಿ ಅವನ್ನು ತೊಡುವುದು ಒಲೆಯನ್ನು ಕಾಲಿಗೆ ಕಟ್ಟಿಕೊಂಡಂತೆ. ಬಟ್ಟೆಯೇನೋ ಒಳ್ಳೆಯದಿದ್ದಿತು, ಆದರೆ ಅಂಚಿಗೆ ಅಭ್ಯಾಸಬಲದಿಂದ ಕಿರಿದಾದ ಎಲಾಸ್ಟಿಕ್ಕನ್ನೇ ಹಾಕಿಬಿಟ್ಟಿದ್ದನು. ಅರ್ಧ ದಿನದಲ್ಲಿ ಕೆಂಪುಗೆರೆ ಮತ್ತೆ ಮೂಡಿತು. ಈ ಸಲ ಆಕೆ ಕೂಡಲೆ ಹೇಳಿದಳು, ಅದೊಂದು ಲಾಭ.

ಎರಡನೆಯದರಲ್ಲಿ ಅಂಚು ನಾಲ್ಕು ಬೆರಳಗಲವಾಯಿತು. ಆದರೆ ಹೊಲಿಗೆಯು ಮೊಣಕಾಲಿನ ಹಿಂದಣ ಮಡಿಕೆಯಲ್ಲಿ ಬಂದು, ಬೆವರಿಗೆ ಉಜ್ಜಿ ಗುಳ್ಳೆಯೆದ್ದಿತು. ಗಂಟು ನೋಯುವ ಜಾಗದ ಮೇಲೆ ಬರಬಾರದೆಂದು ಓದಿದ್ದವನು ಹೊಲಿಗೆಯೂ ಒಂದು ಗಂಟೇ ಎಂಬುದನ್ನು ಮರೆತಿದ್ದೆನು. ಅದಲ್ಲದೆ, ಕುಳಿತಾಗ ಮುಂದೆ ಬಟ್ಟೆ ಬಿಗಿದು ಚಿಪ್ಪನ್ನು ಒತ್ತುತ್ತಿದ್ದಿತು, ಹಿಂದೆ ಸುಕ್ಕುಗಟ್ಟಿ ಮಡಿಕೆಯನ್ನು ಕಚ್ಚುತ್ತಿದ್ದಿತು. ವಾಚಕರು ತಮ್ಮ ಮೊಣಕಾಲಿನ ಮೇಲೆಯೇ ಪರೀಕ್ಷಿಸಬಹುದು: ಚಿಪ್ಪಿನ ಮೇಲೆ ನಾಲ್ಕು ಬೆರಳು, ಕೆಳಗೆ ನಾಲ್ಕು ಬೆರಳು ಬಿಟ್ಟು ಎರಡು ಚುಕ್ಕೆ ಇಟ್ಟು, ನಿಂತು ಅಳೆಯಿರಿ, ಕುರ್ಚಿಯ ಮೇಲೆ ಕುಳಿತು ಅಳೆಯಿರಿ. ನನ್ನ ಕಾಲಿನಲ್ಲಿ ನಿಂತಾಗ ಏಳಂಗುಲವಿದ್ದುದು ಕುಳಿತಾಗ ಒಂಬತ್ತೂಕಾಲು ಆಯಿತು. ಚರ್ಮವು ಎರಡಂಗುಲಕ್ಕೂ ಹೆಚ್ಚು ಹಿಗ್ಗುವ ಜಾಗದಲ್ಲಿ ಬಟ್ಟೆಗೆ ಅಷ್ಟೇ ಉದಾರತೆ ಇಲ್ಲದಿದ್ದರೆ ಕಾದಾಟ ತಪ್ಪದು.

ಇಲ್ಲಿ ನನ್ನ ಮೊಮ್ಮಗನು ನೆರವಿಗೆ ಬಂದನು. ರಜೆಗೆ ಬಂದಿದ್ದವನು ಮೊಬೈಲಿನಲ್ಲಿ ಹುಡುಕಿ, ಆರ್ಥರ್ ಐಬೆರಾಲ್ ಎಂಬ ಅಮೆರಿಕದ ವಿಜ್ಞಾನಿಯ ಸಂಗತಿಯನ್ನು ಓದಿ ಹೇಳಿದನು. ಆತನು ಎತ್ತರದಲ್ಲಿ ಹಾರುವವರ ಒತ್ತಡದ ಉಡುಪಿಗಾಗಿ ದುಡಿದವನು. ಅದರ ಪ್ರಬಂಧವೊಂದು 1964ರಲ್ಲಿ ಪ್ರಕಟವಾಯಿತು. ಚರ್ಮದ ಮೇಲೆ ಒಂದು ವೃತ್ತವನ್ನು ಬರೆದು ಕೀಲನ್ನು ಮಡಿಸಿದರೆ ವೃತ್ತವು ಅಂಡಾಕಾರವಾಗುವುದು. ಉದ್ದಕ್ಕೆ ಹಿಗ್ಗಿತು, ಅಡ್ಡಕ್ಕೆ ತುಸು ಕುಗ್ಗಿತು. ಹಾಗಾದರೆ ಎರಡಕ್ಕೂ ನಡುವೆ ಹಿಗ್ಗದೆಯೂ ಕುಗ್ಗದೆಯೂ ಇದ್ದ ಓರೆಯಾದ ದಿಕ್ಕೊಂದು ಇರಲೇಬೇಕಲ್ಲವೆ? ಅಂತಹ ದಿಕ್ಕುಗಳನ್ನು ಒಂದಕ್ಕೊಂದು ಸೇರಿಸುತ್ತ ಹೋದರೆ ಮೈಮೇಲೆ ಹಿಗ್ಗದ ಗೆರೆಗಳ ಬಲೆಯೊಂದು ದೊರೆಯುವುದು. ಆ ಗೆರೆಗಳ ಮೇಲೆ ಗಟ್ಟಿ ದಾರವನ್ನು ಹಾಯಿಸಿದರೂ ಚಲನೆಗೆ ತಡೆಯಾಗದು. ಮುಂದೆ ಇದೇ ವಿಚಾರವನ್ನು ಹಿಡಿದು ಡೇವಾ ನ್ಯೂಮನ್ ಎಂಬ ವಿದುಷಿಯು ಗಗನಯಾತ್ರಿಗಳಿಗೆ ಮೈಗಂಟುವ ಉಡುಪನ್ನು ಯೋಜಿಸಿದ್ದಾಳೆ.

ಕೇಳಿ ಸುಮ್ಮನಿರುವುದು ನನ್ನಿಂದಾಗಲಿಲ್ಲ. ಲೇಖನಿಯ ಮುಚ್ಚಳವನ್ನು ಮಸಿಯಲ್ಲಿ ಅದ್ದಿ ನನ್ನ ಮೊಣಕಾಲಿನ ಸುತ್ತಲೂ ಇಪ್ಪತ್ತು ಮುದ್ರೆಗಳನ್ನು ಒತ್ತಿಕೊಂಡು, ಕುಳಿತೂ ಎದ್ದೂ ನೋಡಿದೆನು. ಮನೆಯಾಕೆಯು ನೋವಿನಲ್ಲಿಯೂ ನಕ್ಕಳು. ಓರೆಯ ಗೆರೆಗಳು ಚಿಪ್ಪಿನ ಎರಡು ಪಕ್ಕದಿಂದ ಇಳಿದು ಅದರ ಕೆಳಗೆ ಅಡ್ಡಹಾಯುವಂತೆ ಕಂಡುವು. ಸ್ವಸ್ತಿಕವೆಂದು ನಾನು ಉದ್ಗರಿಸಿದೆನು. ನಿಜ ಹೇಳಬೇಕೆಂದರೆ ಕಣ್ಣಿಗೆ ಬೇಕಾದುದನ್ನು ನಾನು ಅಲ್ಲಿ ಕಂಡಿರಲೂಬಹುದು. ಸಿಂಪಿಗನಿಗೆ ತೋರಿಸಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದರೆ ಹಿಗ್ಗುವ ರೀತಿಯೇ ಬೇರೆಯೆಂಬುದು ಅವನಿಗೆ ಕತ್ತರಿ ಹಿಡಿದ ದಿನದಿಂದ ಗೊತ್ತಿತ್ತು.

ಬಿಗಿತ ಎಷ್ಟು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಲಾಪ್ಲಾಸ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ನಿಯಮವುಂಟು: ಒಂದೇ ಎಳೆತದ ಪಟ್ಟಿಯನ್ನು ಸಣ್ಣ ದುಂಡಿಗೆ ಸುತ್ತಿದರೆ ಒತ್ತಡ ಹೆಚ್ಚು, ದೊಡ್ಡ ದುಂಡಿಗೆ ಸುತ್ತಿದರೆ ಕಡಿಮೆ. ಆದುದರಿಂದಲೇ ಒಂದೇ ಅಳತೆಯ ಕೊಳವೆಯು ಎಲುಬಿನ ಉಬ್ಬಿನ ಮೇಲೆ ಕುಟ್ಟುತ್ತದೆ, ಚಿಪ್ಪಿನ ಪಕ್ಕದ ತಗ್ಗನ್ನು ಮುಟ್ಟುವುದೇ ಇಲ್ಲ. ಆ ತಗ್ಗನ್ನು ತುಂಬಲು ಮೆತ್ತನೆಯ ಬಳೆಯೊಂದು ಬೇಕು. ಕಾನ್ರಾಡ್ ಜೋಬ್ಸ್ಟ್ ಎಂಬ ಅಮೆರಿಕದ ಯಂತ್ರಶಿಲ್ಪಿಯು ತಾನೇ ಕಾಲಿನ ರಕ್ತನಾಳದ ರೋಗದಿಂದ ನರಳುತ್ತಿದ್ದವನು. ಈಜುಕೊಳದ ನೀರಿನಲ್ಲಿ ನಿಂತಾಗ ನೋವು ಇಳಿಯುವುದನ್ನು ಕಂಡು, ನೀರು ಆಳಕ್ಕೆ ಹೋದಂತೆಲ್ಲ ಹೆಚ್ಚು ಒತ್ತುವುದಷ್ಟೆ ಎಂದು ವಿಚಾರಮಾಡಿ, ಕೆಳಗೆ ಬಿಗಿಯಾಗಿಯೂ ಮೇಲೆ ಹೋದಂತೆ ಸಡಿಲವಾಗಿಯೂ ಇರುವ ಕಾಲುಚೀಲವನ್ನು 1950ರ ಸುಮಾರಿಗೆ ರಚಿಸಿದನು. ರೋಗಿಯೇ ಶಿಲ್ಪಿಯಾದುದರ ಫಲವದು. ಅಂತಹ ಕಾಲುಚೀಲಗಳ ಒತ್ತಡವನ್ನು ಇಂದು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಜರ್ಮನಿಯ ಕ್ರಮದಂತೆ ಮೊದಲ ದರ್ಜೆಯದು 18ರಿಂದ 21. ಮೊಣಕಾಲಿಗೆ ಮಾತ್ರ ಹಾಕುವ ಪಟ್ಟಿಯು ಕೆಳಗಣ ಕಾಲನ್ನು ಒತ್ತದೆ ಬಿಡುವುದರಿಂದ ಅದರ ಕೆಳಯಂಚೇ ಎಲ್ಲಕ್ಕಿಂತ ಅಪಾಯದ ಸ್ಥಳ. ನಮ್ಮ ಬಳಿ ಒತ್ತಡ ಅಳೆಯುವ ಯಂತ್ರವಿಲ್ಲ. ಬಟ್ಟೆಯನ್ನು ಕಾಲಿನ ಅಳತೆಗಿಂತ ಎಂಟರಲ್ಲಿ ಒಂದು ಪಾಲು ಕಿರಿದಾಗಿ, ಎಂದರೆ ಹದಿನೈದೂವರೆಗೆ ಹದಿಮೂರೂವರೆ, ಹತ್ತೊಂಬತ್ತೂವರೆಗೆ ಹದಿನೇಳು ಎಂದು ಕತ್ತರಿಸಿ, ಕೆಳಯಂಚನ್ನು ಮಾತ್ರ ಎರಡು ಬೆರಳು ಸರಾಗವಾಗಿ ನುಗ್ಗುವಂತೆ ಬಿಟ್ಟೆವು.

ಮೂರನೆಯದು ನಿಂತಿತು. ಚಿಪ್ಪಿಗೆ ಕಿಂಡಿ, ಕಿಂಡಿಯ ಸುತ್ತ ಮೆತ್ತನೆಯ ಬಳೆ; ಮುಂದೆ ಮಡಿಸಿದಾಗ ಬಿಚ್ಚಿಕೊಳ್ಳುವ ನಾಲ್ಕು ನೆರಿಗೆ; ಹಿಂದಣ ಮಡಿಕೆಗೆ ತೆಳುವಾದ ಜಾಳು ಬಟ್ಟೆ; ಹೊಲಿಗೆಗಳೆಲ್ಲ ಹೊರಮಗ್ಗುಲಿಗೆ; ಎರಡು ಪಕ್ಕದಲ್ಲಿ ಬಾಗುವ ಪ್ಲಾಸ್ಟಿಕ್ ಕಡ್ಡಿ; ಮೇಲೆ ಓರೆಯಾಗಿ ಅಡ್ಡಹಾಯುವ ಎರಡು ಪಟ್ಟಿ. ಪಟ್ಟಿಯ ತುದಿಗೆ ವೆಲ್ಕ್ರೋ. ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಯನ್ನು ನೋಡಿ ಸ್ವಿಟ್ಜರ್ಲೆಂಡಿನ ಡಿ ಮೆಸ್ಟ್ರಾಲ್ ಎಂಬವನು ಅದನ್ನು ಕಲ್ಪಿಸಿದನೆಂಬುದು ಪ್ರಸಿದ್ಧ. ಹೊಲದಿಂದ ಬಂದಾಗ ಧೋತರಕ್ಕೆ ಅಂಟಿದ ಉತ್ತರಣಿಯನ್ನು ನಾವೆಲ್ಲ ಬೈದು ಕಿತ್ತೆಸೆದವರೇ. “ಇದು ಮೊಣಕಾಲ ಕುಬಸ ಆತ್ರಿ ಗುರುಗಳ” ಎಂದನು ಸಿಂಪಿಗನು. ಜಾನುಕಂಚುಕವೆಂದು ನಾನು ಇಟ್ಟಿದ್ದ ಹೆಸರು ಆ ಕ್ಷಣದಲ್ಲಿ ಬಿದ್ದುಹೋಯಿತು. ಕೂಲಿ ಕೇಳಿದರೆ ಅವನು ಹೇಳಲೊಲ್ಲನು, ಬಲವಂತದಿಂದ ಕೊಡಬೇಕಾಯಿತು.

ಅದನ್ನು ತೊಟ್ಟುಕೊಂಡೇ ಆಸ್ಪತ್ರೆಗೆ ಮತ್ತೊಮ್ಮೆ ಹೋಗಿ ವೈದ್ಯೆಗೆ ತೋರಿಸಿದೆವು. ಬೆರಳುಗಳ ಬಣ್ಣವನ್ನೂ ಪಾದದ ನಾಡಿಯನ್ನೂ ನೋಡಿ ಒಪ್ಪಿದಳು. ರಾತ್ರಿ ತೆಗೆದಿಡಬೇಕು, ಜುಮುಗುಟ್ಟಿದರೆ ಕೂಡಲೆ ಬಿಚ್ಚಬೇಕು ಎಂದಳು. ಸಕ್ಕರೆಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದವರೂ ರಕ್ತನಾಳದ ರೋಗವುಳ್ಳವರೂ ವೈದ್ಯರನ್ನು ಕೇಳದೆ ಇಂತಹುದನ್ನು ಮುಟ್ಟಬಾರದೆಂದೂ ಹೇಳಿದಳು.

ಇದರಿಂದ ಸವೆದ ಎಲುಬು ಚಿಗುರಲಿಲ್ಲ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ; ಹೋದುದು ಹೋಯಿತು. ಬಟ್ಟೆಯೊಂದು ಮೈಭಾರವನ್ನು ಹೊರುವುದೂ ಇಲ್ಲ. ಹಾಗಾದರೆ ಹಿತವೆನ್ನಿಸುವುದೇಕೆ? 1991ರಲ್ಲಿ ಬ್ಯಾರೆಟ್ ಮೊದಲಾದ ಇಂಗ್ಲೆಂಡಿನ ವೈದ್ಯರು ಒಂದು ವಿಷಯವನ್ನು ತೋರಿಸಿದರು: ಸವೆದ ಮೊಣಕಾಲುಳ್ಳವರಿಗೆ ಕಣ್ಣುಮುಚ್ಚಿದರೆ ತಮ್ಮ ಕಾಲು ಎಷ್ಟು ಮಡಿದಿದೆಯೆಂಬ ಅರಿವೇ ಮಂದವಾಗಿರುವುದು, ಒಂದು ಹಿಗ್ಗುವ ಪಟ್ಟಿಯನ್ನು ಸುತ್ತಿದರೆ ಆ ಅರಿವು ಸ್ವಲ್ಪ ತೀಕ್ಷ್ಣವಾಗುವುದು. ಚರ್ಮಕ್ಕೆ ತಾಗಿದ ಬಟ್ಟೆಯು ಮೆದುಳಿಗೆ ಕಾಲಿನ ನೆನಪನ್ನು ಕೊಡುತ್ತಿರುತ್ತದೆ. 1999ರಲ್ಲಿ ಕೆನಡಾದ ಕರ್ಕ್ಲಿ ಮೊದಲಾದವರು, ಒಳಮಗ್ಗುಲು ಸವೆದ ರೋಗಿಗಳಲ್ಲಿ ಬರಿಯ ಔಷಧಕ್ಕಿಂತ ನಿಯೋಪ್ರೀನ್ ಚೀಲವೂ, ಚೀಲಕ್ಕಿಂತ ಭಾರವನ್ನು ಹೊರಮಗ್ಗುಲಿಗೆ ತಳ್ಳುವ ಕೀಲುಪಟ್ಟಿಯೂ ಮೇಲೆಂದು ಕಂಡರು. ನಮ್ಮದು ನಡುವಣದು. ನೆಲದ ಮೇಲೆ ಕುಳಿತುಕೊಳ್ಳುವ ನಮ್ಮ ಜನಕ್ಕೆ ತಕ್ಕ ಸಾಧನವನ್ನು ವೈದ್ಯನೂ ಕುಶಲಕರ್ಮಿಯೂ ಕೂಡಿ ಮಾಡಬಲ್ಲರೆಂಬುದಕ್ಕೆ ಜಯಪುರದ ಕೃತಕಪಾದವೇ ನಿದರ್ಶನ. ಹೆಚ್ಚು ಶಾಲೆ ಕಲಿಯದ ಶಿಲ್ಪಿ ರಾಮಚಂದ್ರ ಶರ್ಮರೂ ಡಾಕ್ಟರ್ ಪಿ. ಕೆ. ಸೇಠಿಯವರೂ 1960ರ ದಶಕದ ಕೊನೆಯಲ್ಲಿ ಅದನ್ನು ರೂಪಿಸಿದಾಗ, ಕುಕ್ಕರುಗಾಲಿನಲ್ಲಿ ಕೂರಬೇಕು, ಕೆಸರಿನಲ್ಲಿ ಬರಿಗಾಲಿನಿಂದ ನಡೆಯಬೇಕು ಎಂಬ ನಮ್ಮ ಅವಶ್ಯಕತೆಗಳಿಂದಲೇ ಹೊರಟರು. ಮೊಣಕಾಲಿನ ಪಟ್ಟಿಗೆ ಅಂತಹ ಒಬ್ಬ ಶಿಲ್ಪಿಯು ಇನ್ನೂ ಬರಬೇಕಾಗಿದೆ. ಅಂಗಡಿಯ ಪೆಟ್ಟಿಗೆಗಳ ಮೇಲಿನ ಚಿತ್ರಗಳಲ್ಲಿ ಓಡುವ ತರುಣರನ್ನೇ ಕಾಣುತ್ತೇವೆ; ರೊಟ್ಟಿ ಬಡಿಯುವ ಹೆಂಗಸನ್ನು ನಾನು ಒಂದರ ಮೇಲೆಯೂ ಕಾಣಲಿಲ್ಲ.

ಬೆಳಿಗ್ಗೆಯೂ ಸಾಯಂಕಾಲವೂ ಆಕೆಯು ಮಂಚದ ಮೇಲೆ ಕಾಲು ನೀಡಿ, ಮೊಣಕಾಲಿನ ಕೆಳಗೆ ಮಡಚಿದ ದುಪ್ಪಟಿಯನ್ನಿಟ್ಟು ಒತ್ತಿ ಹಿಡಿಯುವಳು. ನಾನು ಹತ್ತರವರೆಗೆ ಎಣಿಸುವೆನು. ಎಣಿಕೆಯಲ್ಲಿ ಅವಸರ ಮಾಡಿದರೆ ತಡೆಯುವಳು. ಒಲೆಯನ್ನು ಕಟ್ಟೆಯ ಮೇಲಕ್ಕೆ ಎತ್ತಿಸಿದ್ದೇವೆ. ಮೂವತ್ತು ವರ್ಷ ಹಿಂದೆಯೇ ಆಕೆ ಕೇಳಿದ್ದಳಂತೆ. ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆಗೆ ಕಲಬುರಗಿಗೆ ರೈಲಿನಲ್ಲಿಯೇ ಹೋದೆವು. ಡಬ್ಬಿಯ ಮೆಟ್ಟಿಲನ್ನು ಎಡಗಾಲು ಮುಂದಿಟ್ಟು, ಕಂಬಿ ಹಿಡಿದು, ನನ್ನ ಕೈಯನ್ನು ಬೇಡವೆಂದು ಸರಿಸಿ ಏರಿದಳು. ಇಳಿಯುವಾಗ ಮಾತ್ರ ಹಿಡಿದುಕೊಂಡಳು. ತೇರಿನ ಜಂಗುಳಿಯಲ್ಲಿ ದೂರದಲ್ಲಿಯೇ ನಿಂತು ಖಾರಿಕ ಎಸೆದು ಬಂದೆವು. ಆ ರಾತ್ರಿ ಮೊಣಕಾಲು ಬಾತಿದ್ದಿತು, ಎರಡು ದಿನಕ್ಕೆ ಇಳಿಯಿತು.

ಓಣಿಯ ಹೆಂಗಸರಿಗೆ ಸುದ್ದಿ ಮುಟ್ಟಿದೆ. “ಅವರಿಗಿ ಹೊಲಿದಂಗೇ ನನಗೂ ಹೊಲಿ” ಎಂದು ಬಂದವರನ್ನು ಸಿಂಪಿಗನು ನನ್ನ ಮನೆಗೆ ಕಳುಹಿಸುವನು. ಮೊದಲು ಆಸ್ಪತ್ರೆಗೆ ಹೋಗಿಬನ್ನಿ ಎಂದು ನಾನು ಹೇಳುವೆನು. ಹೋಗಿಬಂದವರ ಅಳತೆಯನ್ನು ಒಳಕೋಣೆಯಲ್ಲಿ ಮನೆಯಾಕೆಯೇ ತೆಗೆದುಕೊಳ್ಳುವಳು. ಹೊರಗೆ ಕುಳಿತು ನಾನು ಬರೆದುಕೊಳ್ಳುವೆನು. ಇಲ್ಲಿಯವರೆಗೆ ಐದು ಜನರಾದರು. ಒಬ್ಬರ ಅಂಕೆಗಳೂ ಇನ್ನೊಬ್ಬರೊಡನೆ ಕೂಡಿಲ್ಲ.

ನಿನ್ನೆ ಆಕೆಯು ತನ್ನ ಕುಪ್ಪಸದ ಮೇಲಂಚು ಬಿಗಿಯಾಗಿದೆಯೆಂದಳು. ಬಟ್ಟೆಯು ಒಗೆದು ಕುಗ್ಗಿತೆಂದು ನಾನು ಸಿಂಪಿಗನನ್ನು ಆಕ್ಷೇಪಿಸಹೊರಟೆನು. “ತಡೀರಿ, ಮೊದಲು ಅಳೀರಿ” ಎಂದು ಆಕೆ ಪಟ್ಟಿಯನ್ನು ಕೈಗೆ ಕೊಟ್ಟಳು. ಬಟ್ಟೆಯು ಹದಿನೇಳಂಗುಲವೇ ಇದ್ದಿತು. ತೊಡೆಯು ಇಪ್ಪತ್ತಾಗಿದೆ.